ಪರದೆಗೂ ಒಂದು ಮಂಗಳ ಬೇಕು



ದೇವಸ್ಥಾನದಲ್ಲಿ ಪೂಜೆ ಮುಗಿದು, ತೀರ್ಥ ತೆಗೆದುಕೊಂಡು, ಬಿಸಿಬೇಳೆಬಾತಿನ ತಟ್ಟೆ ಹಿಡಿದು ಕುಳಿತಾಗ ತಂದೆ ತಾಯಂದಿರ ಮಾತು ಸುತ್ತಿ ಬಳಸಿ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ. "ನಿಮ್ಮ ಮಗನಿಗೆ ದಿನಕ್ಕೆ ಎಷ್ಟು ಹೊತ್ತು ಐಪ್ಯಾಡ್ ಕೊಡ್ತೀರಿ?" ಒಬ್ಬರು ಅರ್ಧ ಗಂಟೆ ಎನ್ನುತ್ತಾರೆ. ಇನ್ನೊಬ್ಬರು ವಾರಾಂತ್ಯದಲ್ಲಿ ಮಾತ್ರ ಎನ್ನುತ್ತಾರೆ. ಮತ್ತೊಬ್ಬರು ಉತ್ತರ ಹೇಳದೆ ಉಪ್ಪಿನಕಾಯಿ ತರಲು ಎದ್ದು ಹೋಗುತ್ತಾರೆ!

ಎಷ್ಟು ಹೊತ್ತು ಎಂಬುದು ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ. ನೋಡುತ್ತಿರುವುದನ್ನು ತಾನಾಗಿಯೇ ನಿಲ್ಲಿಸಿ ಏಳುವುದು ನಮ್ಮ ಮಗುವಿಗೆ ಬರುತ್ತದೆಯೇ? ಇಂದು ಐದು ವರ್ಷದ ಮಗುವಿನ ಕೈಯಿಂದ ಟ್ಯಾಬ್ಲೆಟ್ ತೆಗೆದು ಕಪಾಟಿನ ಮೇಲಿಡಬಹುದು. ಹದಿನೆಂಟು ತುಂಬುವ ಹೊತ್ತಿಗೆ ಅದೇ ಮಗು ಬೇರೆ ಊರಿನ ಕಾಲೇಜಿನ ಡಾರ್ಮ್ ಕೋಣೆಯಲ್ಲಿರುತ್ತದೆ. ರಾತ್ರಿ ಎರಡು ಗಂಟೆಗೆ "ಸಾಕು ಮಗಾ, ಮಲಗು" ಎನ್ನಲು ಅಲ್ಲಿ ಅಮ್ಮನೂ ಇರುವುದಿಲ್ಲ, ಅಪ್ಪನೂ ಇರುವುದಿಲ್ಲ. ಆ 'ಸಾಕು' ಮಗುವಿನ ಒಳಗಿನಿಂದಲೇ ಬರಬೇಕು. ಅದನ್ನು ಬೆಳೆಸಲು ನಮಗೆ ಸಿಗುವುದು ಮಗು ನಮ್ಮ ಮನೆಯಲ್ಲಿರುವ ಈ ಕೆಲವೇ ವರ್ಷಗಳು. ಈ ಸಂಚಿಕೆಯ ಪಾಠದಲ್ಲಿ ಈ ವಿಷಯವನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಆಗ ಎಲ್ಲದಕ್ಕೂ ಮುಕ್ತಾಯವಿತ್ತು

ನಮ್ಮಲ್ಲಿ ಯಾವುದೇ ಒಳ್ಳೆಯ ಕಾರ್ಯಕ್ಕೂ ಒಂದು ಆರಂಭ, ಒಂದು ಮುಕ್ತಾಯ ಇರುತ್ತದೆ. ಪೂಜೆ ಸಂಕಲ್ಪದಿಂದ ಶುರುವಾಗಿ ಮಂಗಳಾರತಿಯ ಕಡೆಗೆ ಸಾಗುತ್ತದೆ. ಹರಿಕಥೆಯ ದಾಸರು ಎಷ್ಟೇ ಸ್ವಾರಸ್ಯವಾಗಿ ಕಥೆ ಹೇಳುತ್ತಿರಲಿ, ಕೊನೆಗೆ ಮಂಗಳ ಹಾಡುತ್ತಾರೆ. ಸಂಗೀತ ಕಚೇರಿ ಮುಗಿಯುವುದೂ ಮಂಗಳದಿಂದಲೇ. ರಾತ್ರಿಯಿಡೀ ನಡೆದ ಯಕ್ಷಗಾನಕ್ಕೂ ಬೆಳಗಿನ ಜಾವ ಮಂಗಳವಾಗುತ್ತದೆ. ಅದಕ್ಕೇ ಆಡುಮಾತಿನಲ್ಲಿ ಯಾವುದನ್ನಾದರೂ ಮುಗಿಸುವುದಕ್ಕೆ 'ಮಂಗಳ ಹಾಡುವುದು' ಎನ್ನುತ್ತೇವೆ.

ಹಿಂದಿನ ಟಿ.ವಿ.ಗೂ ಇಂಥದೊಂದು ಮಂಗಳವಿತ್ತು. 1987ರಲ್ಲಿ ದೂರದರ್ಶನದಲ್ಲಿ 'ರಾಮಾಯಣ' ಶುರುವಾದಾಗ ಭಾನುವಾರ ಬೆಳಿಗ್ಗೆ ಓಣಿಯವರೆಲ್ಲ ಟಿ.ವಿ. ಇದ್ದ ಮನೆಯಲ್ಲಿ ಸೇರುತ್ತಿದ್ದುದನ್ನು ನಮ್ಮ ತಂದೆ ತಾಯಿ ಇಂದಿಗೂ ನೆನೆಯುತ್ತಾರೆ. ಆದರೆ ಆ ವಾರದ ಕಂತು ಮುಗಿದರೆ ಮುಂದಿನ ಭಾನುವಾರದವರೆಗೆ ಕಾಯಲೇಬೇಕಿತ್ತು. ತೊಂಬತ್ತರ ದಶಕದಲ್ಲಿ ಬೆಳೆದ ನಮ್ಮ ಪೀಳಿಗೆಗೂ 'ಚಿತ್ರಮಂಜರಿ', 'ಶಕ್ತಿಮಾನ್' ಬರುವ ದಿನ, ಹೊತ್ತು ಗೊತ್ತಿರುತ್ತಿತ್ತು. ಮುಗಿಯುವ ಹೊತ್ತೂ ಗೊತ್ತಿರುತ್ತಿತ್ತು. ನಡುವೆ ಕರೆಂಟ್ ಹೋದರೆ ಕೆ.ಇ.ಬಿ.ಯವರೇ ಮಂಗಳ ಹಾಡಿಬಿಡುತ್ತಿದ್ದರು!

ಆಗಿನ ಮಕ್ಕಳು ಈಗಿನ ಮಕ್ಕಳಿಗಿಂತ ಸಂಯಮಿಗಳು ಎಂದು ಇದರ ಅರ್ಥವಲ್ಲ. ಆಗ ಕಾರ್ಯಕ್ರಮ ತಾನಾಗಿಯೇ ಮುಗಿಯುತ್ತಿತ್ತು, ಮಕ್ಕಳು ಎದ್ದು ಆಡಲು ಹೋಗುತ್ತಿದ್ದರು. ಈಗ ಮುಗಿಯುವುದೇ ಇಲ್ಲ. ಇಷ್ಟೇ ವ್ಯತ್ಯಾಸ, ಆದರೆ ಬಹಳ ದೊಡ್ಡ ವ್ಯತ್ಯಾಸ.

ಮುಕ್ತಾಯ ಎಲ್ಲಿ ಕಳೆದುಹೋಯಿತು?

ನಮ್ಮ ಸಮಾಜದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರಿಗೇನೂ ಬರವಿಲ್ಲ. ಆದ್ದರಿಂದ ಈ ಯಂತ್ರದ ಒಳಗೇನಿದೆ ಎಂದು ಸ್ವಲ್ಪ ಬಿಚ್ಚಿ ನೋಡುವುದು ನಮಗೆ ಕಷ್ಟವಲ್ಲ.

ಮೊದಲನೆಯದು, ಕೊನೆಯೇ ಇಲ್ಲದ ಪುಟ. ಹಿಂದೆ ವೆಬ್ ಪುಟದ ತಳಕ್ಕೆ ಬಂದರೆ 'ಮುಂದಿನ ಪುಟ' ಎಂಬ ಗುಂಡಿ ಒತ್ತಬೇಕಿತ್ತು. ಆ ಒಂದು ಕ್ಷಣದಲ್ಲಿ "ಇನ್ನೂ ಬೇಕೇ?" ಎಂದು ಮನಸ್ಸು ಕೇಳಿಕೊಳ್ಳುತ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರರು ಪುಟ ತಾನಾಗಿಯೇ ಮುಂದುವರಿಯುವ ವಿಧಾನವನ್ನು ರೂಪಿಸಿದರು. ಜನ ಇದರಲ್ಲಿ ಕಳೆಯುವ ಸಮಯವನ್ನು ಕಂಡು ಅವರೇ ಮುಂದೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದ್ದಾರೆ.

ಎರಡನೆಯದು, ಅಳತೆಗೋಲು. 2012ರಲ್ಲಿ ಯೂಟ್ಯೂಬ್ ತನ್ನ ಶಿಫಾರಸುಗಳ ಲೆಕ್ಕವನ್ನು ಬದಲಾಯಿಸಿತು. ಒಂದು ವಿಡಿಯೋವನ್ನು ಎಷ್ಟು ಜನ ಒತ್ತಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ಬೆಲೆ ಬಂತು. ಇಂಜಿನಿಯರುಗಳಿಗೆ ಗೊತ್ತಿರುವ ಸತ್ಯವೊಂದಿದೆ: ಯಾವುದನ್ನು ಅಳೆಯುತ್ತೇವೋ ಅದೇ ಬೆಳೆಯುತ್ತದೆ. ನೋಡುವ ಹೊತ್ತನ್ನೇ ಅಳೆಯುತ್ತಾ ಹೋದರೆ, ಎದ್ದು ಹೋಗಲು ಬಿಡದಂಥ ವಿನ್ಯಾಸವೇ ಗೆಲ್ಲುತ್ತದೆ.

ಮೂರನೆಯದು, ಆಟೋಪ್ಲೇ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರು. ಊಟದ ಪಂಕ್ತಿಯಲ್ಲಿ ಎಲೆ ಖಾಲಿಯಾಗುವ ಮೊದಲೇ ಬಡಿಸುತ್ತಾ ಹೋದರೆ ಎಷ್ಟು ತಿಂದೆವು ಎಂಬ ಲೆಕ್ಕ ತಪ್ಪುತ್ತದಲ್ಲ, ಹಾಗೆ.

ನಾಲ್ಕನೆಯದು, ಗಾಳದ ಆಸೆ. ಚಿಕ್ಕ ಚಿಕ್ಕ ವಿಡಿಯೋಗಳನ್ನು ಬೆರಳಿನಿಂದ ಸರಿಸುತ್ತಾ ಹೋದರೆ ಹತ್ತರಲ್ಲಿ ಒಂದು ಚೆನ್ನಾಗಿರುತ್ತದೆ. ಆ ಒಂದು ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದಿರುವುದೇ ಅದರ ಶಕ್ತಿ. ಕೆರೆಯ ದಡದಲ್ಲಿ ಗಾಳ ಹಾಕಿ ಕುಳಿತವನು "ಇದೊಂದು ಸಲ, ಇದೊಂದು ಸಲ" ಎಂದು ಕತ್ತಲಾದರೂ ಏಳುವುದಿಲ್ಲ. ಇಲ್ಲಿ ಕುಳಿತಿರುವುದು ಎಂಟು ವರ್ಷದ ಮಗು.

ಇವೆಲ್ಲ ಊಹೆಯ ಮಾತುಗಳಲ್ಲ. 2022ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, 'ಫೋರ್ಟ್‌ನೈಟ್' ಆಟದ ಕಂಪನಿ ಎಪಿಕ್ ಗೇಮ್ಸ್ ಜೊತೆ ಒಟ್ಟು 52 ಕೋಟಿ ಡಾಲರುಗಳ ಒಪ್ಪಂದವನ್ನು ಪ್ರಕಟಿಸಿತು. ಅದರಲ್ಲಿ 27.5 ಕೋಟಿ ಮಕ್ಕಳ ಖಾಸಗಿತನದ ಕಾನೂನಿಗೆ ಸಂಬಂಧಿಸಿದ ದಂಡ. ಉಳಿದ 24.5 ಕೋಟಿ, ಗೊಂದಲದ ಗುಂಡಿಗಳಿಂದಾಗಿ ಬೇಡದ ಖರೀದಿ ಮಾಡಿದ ಆಟಗಾರರಿಗೆ ಹಿಂದಿರುಗಿಸಲು.

ಇಷ್ಟು ತಿಳಿದ ಮೇಲೆ, "ನಿನಗೆ ಸ್ವಲ್ಪವೂ ಬುದ್ಧಿ ಇಲ್ಲವೇ? ಎಷ್ಟು ಹೊತ್ತು ನೋಡ್ತೀಯ?" ಎಂದು ಮಗುವಿಗೆ ಬೈಯುವುದು ಎಷ್ಟು ಸರಿ? ಒಂದು ಕಡೆ ನುರಿತ ಇಂಜಿನಿಯರುಗಳ ದೊಡ್ಡ ತಂಡ, ಇನ್ನೊಂದು ಕಡೆ ನಮ್ಮ ಪುಟ್ಟ. ಪುಟ್ಟನಿಗೆ ಮಂಗಳಾರತಿ ಮಾಡುವುದಕ್ಕಿಂತ ಪರದೆಗೆ ಮಂಗಳ ಹಾಡುವುದನ್ನು ಅವನಿಗೆ ಕಲಿಸುವುದು ಒಳ್ಳೆಯದು.

ವೈದ್ಯರು ಏನು ಹೇಳುತ್ತಾರೆ?

ಹೊತ್ತಿನ ಲೆಕ್ಕವನ್ನೂ ತಿಳಿದಿರೋಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಪ್ರಕಟಿಸಿತು. ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಅದು ಹೇಳಿತು. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರಲ್ಲಿ ಕೊಟ್ಟ ಸಲಹೆಯೂ ಸುಮಾರು ಹೀಗೆಯೇ ಇತ್ತು. ಹದಿನೆಂಟು ತಿಂಗಳೊಳಗಿನ ಮಕ್ಕಳಿಗೆ ವಿಡಿಯೋ ಕರೆಯ ಹೊರತು ಬೇರೆ ಪರದೆ ಬೇಡ ಎಂದದು ಹೇಳಿತು. ಈ 'ಹೊರತು' ಎಂಬ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ದೊಡ್ಡ ಮಕ್ಕಳಿಗೆ ಒಂದೇ ಸಂಖ್ಯೆಯನ್ನು ಹೇಳುವುದು ಕಷ್ಟ. ಅದಕ್ಕಾಗಿ ಅದೇ ಅಕಾಡೆಮಿ ಈಗ ತಂದೆ ತಾಯಂದಿರಿಗೆ ಐದು ವಿಷಯ ಗಮನಿಸಲು ಹೇಳುತ್ತದೆ. ಇಂಗ್ಲಿಷಿನಲ್ಲಿ ಐದೂ 'ಸಿ' ಅಕ್ಷರದಿಂದ ಶುರುವಾಗುತ್ತವೆ. ನಾವು ಕನ್ನಡದಲ್ಲಿ ಹೀಗೆ ಕೇಳಿಕೊಳ್ಳಬಹುದು.

1. ನಮ್ಮ ಮಗುವಿನ ಸ್ವಭಾವ ಎಂಥದು?
2. ಏನನ್ನು ನೋಡುತ್ತಿದೆ?
3. ಅಳು, ಸಿಟ್ಟು, ಬೇಸರ ಬಂದಾಗ ಸಮಾಧಾನಕ್ಕೆ ಪರದೆ ಬಿಟ್ಟು ಬೇರೆ ದಾರಿ ಗೊತ್ತಿದೆಯೇ?
4. ಪರದೆ ಯಾವುದರ ಜಾಗವನ್ನು ಕಬಳಿಸುತ್ತಿದೆ: ನಿದ್ದೆಯನ್ನೇ, ಆಟವನ್ನೇ, ಓದನ್ನೇ, ಮಾತನ್ನೇ?
5. ಈ ಬಗ್ಗೆ ಮನೆಯಲ್ಲಿ ಮಾತುಕತೆ ನಡೆಯುತ್ತಿದೆಯೇ?

ನಾಲ್ಕನೆಯ ಪ್ರಶ್ನೆಯಲ್ಲಿ ನಿದ್ದೆ ಮೊದಲು ಬರುತ್ತದೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದಂತೆ ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟು ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಏಳಕ್ಕೆ ಸ್ಕೂಲ್ ಬಸ್ ಬರುವ ಮನೆಯಲ್ಲಿ ಈ ಲೆಕ್ಕವನ್ನು ಹಿಂದಕ್ಕೆ ಹಾಕಿ ನೋಡಿ, ಟ್ಯಾಬ್ಲೆಟ್ ಎಷ್ಟು ಗಂಟೆಗೆ ಮುಚ್ಚಬೇಕು ಎಂಬುದು ತಾನಾಗಿಯೇ ಸಿಗುತ್ತದೆ.

ಸೋಷಿಯಲ್ ಮೀಡಿಯಾ ಬಗ್ಗೆ 2023ರ ಮೇ ತಿಂಗಳಲ್ಲಿ ಅಮೆರಿಕದ ಆಗಿನ ಸರ್ಜನ್ ಜನರಲ್ ಡಾ. ವಿವೇಕ್ ಮೂರ್ತಿಯವರು ಒಂದು ಎಚ್ಚರಿಕೆಯ ವರದಿ ಹೊರಡಿಸಿದರು. ಅವರ ಕುಟುಂಬದ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಎಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಸೋಷಿಯಲ್ ಮೀಡಿಯಾದಲ್ಲಿರುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕದಂಥ ತೊಂದರೆಗಳ ಅಪಾಯ ಇಮ್ಮಡಿ ಎಂದು ಆ ವರದಿ ಹೇಳಿತು. ಇದು ಅಮೆರಿಕಕ್ಕೆ ಬಂದವರ ಮಕ್ಕಳ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿ 'ಷಟ್' ಎಂಬ ಚಿಕಿತ್ಸಾಲಯವನ್ನು ತೆರೆದಿದೆ. ಊರಿನಲ್ಲಿರುವ ನಮ್ಮ ಅಣ್ಣ ಅಕ್ಕಂದಿರ ಮಕ್ಕಳೂ ಇದೇ ದೋಣಿಯಲ್ಲಿದ್ದಾರೆ.

ಪರದೆ ಕನ್ನಡ ಕಲಿಸೀತೇ?

ಹೊರನಾಡಿನ ನಮ್ಮ ಮನೆಗಳಲ್ಲಿ ಟ್ಯಾಬ್ಲೆಟ್ ಕೊಡಲು ಒಂದು ಒಳ್ಳೆಯ ಕಾರಣವೂ ಇರುತ್ತದೆ. "ಕನ್ನಡದ ಶಿಶುಗೀತೆ ಹಾಕಿ ಕೊಟ್ಟಿದ್ದೇವೆ, ಭಾಷೆಯಾದರೂ ಬರಲಿ." ಆಸೆ ಸರಿಯಾದದ್ದೇ. ಆದರೆ ಈ ಬಗ್ಗೆ ನಡೆದ ಒಂದು ಪ್ರಯೋಗವನ್ನು ನಾವೆಲ್ಲ ತಿಳಿದಿರಬೇಕು.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಒಂದು ಗುಂಪಿನೊಡನೆ ಚೀನೀ ಮ್ಯಾಂಡರಿನ್ ಮಾತಾಡುವವರು ಕುಳಿತು ಪುಸ್ತಕ ಓದಿದರು, ಆಟವಾಡಿದರು. ಹೀಗೆ ಹನ್ನೆರಡು ಸಲ. ಇನ್ನೊಂದು ಗುಂಪಿಗೆ ಅಂಥದೇ ಮಾತು, ಆಟಗಳನ್ನು ಡಿ.ವಿ.ಡಿ.ಯಲ್ಲಿ ತೋರಿಸಿದರು. ಜನರೊಡನೆ ಆಡಿದ ಕೂಸುಗಳು ಮ್ಯಾಂಡರಿನ್ ಭಾಷೆಯ ಧ್ವನಿಗಳ ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸತೊಡಗಿದವು. ಡಿ.ವಿ.ಡಿ. ನೋಡಿದ ಕೂಸುಗಳು ಆ ಭಾಷೆಯನ್ನು ಕೇಳದ ಕೂಸುಗಳಂತೆಯೇ ಉಳಿದವು. ಭಾಷೆ ಕಿವಿಗೆ ಬಿದ್ದರೆ ಸಾಲದು, ಎದುರಿಗೊಂದು ಮುಖ ಬೇಕು. ಆ ಮುಖ ಮಗುವನ್ನು ನೋಡಿ ನಗಬೇಕು, ಕಾಯಬೇಕು, ಉತ್ತರ ಕೊಡಬೇಕು.

ಹಾಗಾದರೆ ಹತ್ತು ಸಾವಿರ ಮೈಲಿ ದೂರದ ಅಜ್ಜಿಯ ಗತಿಯೇನು? ಇಲ್ಲಿ ಸಮಾಧಾನದ ಸುದ್ದಿಯಿದೆ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳು ಹೊಸ ಕ್ರಿಯಾಪದಗಳನ್ನು ಮುಖಾಮುಖಿ ಕಲಿತಂತೆಯೇ ವಿಡಿಯೋ ಕರೆಯಲ್ಲೂ ಕಲಿತರು. ಮೊದಲೇ ಚಿತ್ರೀಕರಿಸಿದ ವಿಡಿಯೋದಿಂದ ಕಲಿಯಲಿಲ್ಲ. ವೈದ್ಯರು 'ವಿಡಿಯೋ ಕರೆಯ ಹೊರತು' ಎಂದದ್ದು ನೆನಪಿದೆಯಲ್ಲ? ಅಜ್ಜಿ ತಾತನ ಕರೆಯನ್ನು ಸ್ಕ್ರೀನ್ ಟೈಮ್ ಲೆಕ್ಕಕ್ಕೆ ಸೇರಿಸಬೇಡಿ. ಅದು ಮಾತು, ಸಂಬಂಧ.

ಆದರೆ "ಅಜ್ಜಿಗೆ ಹಾಯ್ ಹೇಳು" ಎಂದು ಮಗುವಿನ ಮುಖಕ್ಕೆ ಫೋನ್ ಹಿಡಿದರೆ ಮಾತು ಬೆಳೆಯುವುದಿಲ್ಲ. ಕರೆಗೊಂದು ಕೆಲಸವಿರಲಿ. ಪೂರ್ವ ಕರಾವಳಿಯಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತಾದರೆ ಊರಿನಲ್ಲಿ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಅಜ್ಜಿ ದೀಪ ಹಚ್ಚುವ ಹೊತ್ತು. ಅಜ್ಜಿ ಒಂದು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಮುಂದಿನ ವಾರಕ್ಕೆ ಉಳಿಸಲಿ. ತಾತ ಒಂದು ಒಗಟು ಹಾಕಲಿ. ಮಗು ತನ್ನ ಚಿತ್ರ ತೋರಿಸಿ ವಿವರಿಸಲಿ. ಕನ್ನಡ ಬರುವುದು ಹೀಗೆ. ಅಜ್ಜಿಗೂ ಮೊಮ್ಮಗುವಿಗೂ ನಡುವೆ ಹಂಚಿಕೊಳ್ಳಲು ಒಂದು ಭಾಷೆ ಉಳಿಯುವುದೂ ಹೀಗೆಯೇ.

ಸಂಕಲ್ಪ, ಜೊತೆ, ಮಂಗಳ

ಈಗ ಕೆಲಸದ ಮಾತಿಗೆ ಬರೋಣ. ಪೂಜೆಯ ಕ್ರಮದಿಂದಲೇ ಮನೆಗೆ ಒಂದು ಸರಳ ಪದ್ಧತಿ ಸಿಗುತ್ತದೆ.

ಸಂಕಲ್ಪ: ಪೂಜೆಯ ಮೊದಲು ಪುರೋಹಿತರು ಎಲ್ಲಿ, ಯಾವಾಗ, ಯಾರು, ಏತಕ್ಕಾಗಿ ಎಂಬುದನ್ನು ಹೇಳಿಸುತ್ತಾರೆ. ಅಮೆರಿಕದ ಅನೇಕ ದೇವಸ್ಥಾನಗಳಲ್ಲಿ ಜಂಬೂದ್ವೀಪದ ಬದಲು ಕ್ರೌಂಚದ್ವೀಪ ಎನ್ನುವುದನ್ನು ನೀವು ಕೇಳಿರಬಹುದು. ಪರದೆಗೂ ಹೀಗೆಯೇ. ತೆರೆಯುವ ಮೊದಲು ಮಗು ಮೂರು ಮಾತು ಹೇಳಲಿ: ಏನು ನೋಡುತ್ತೇನೆ, ಎಲ್ಲಿಗೆ ನಿಲ್ಲಿಸುತ್ತೇನೆ, ನಿಲ್ಲಿಸಿ ಏನು ಮಾಡುತ್ತೇನೆ. "ಎರಡು ಎಪಿಸೋಡ್ ನೋಡ್ತೀನಿ, ಆಮೇಲೆ ಸೈಕಲ್ ಹೊಡೀತೀನಿ." ಮೂರನೆಯ ಮಾತು ಅತಿ ಮುಖ್ಯ. ಮುಂದೆ ಏನೆಂದು ಗೊತ್ತಿದ್ದರೆ ಬಿಟ್ಟು ಬರುವುದು ಸುಲಭ.

ಜೊತೆ: ಸಾಧ್ಯವಾದಾಗ ಪಕ್ಕದಲ್ಲಿ ಕುಳಿತು ನೋಡಿ. "ಅವನು ಯಾಕೆ ಸುಳ್ಳು ಹೇಳಿದ?", "ಈ ಜಾಹೀರಾತಿನವರು ನಮಗೆ ಏನನ್ನು ಮಾರುತ್ತಿದ್ದಾರೆ?" ಎಂದು ಕನ್ನಡದಲ್ಲಿ ಕೇಳಿ. ಪಕ್ಕದಲ್ಲಿ ಕೂರಲು ಬಿಡುವಿಲ್ಲದ ದಿನ ಅಡುಗೆಮನೆಯಿಂದ ಕಾಣುವ ದೊಡ್ಡ ಟಿ.ವಿ.ಯಲ್ಲಿ ಹಾಕಿ. ಮುಚ್ಚಿದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ನೋಡುವ ಟ್ಯಾಬ್ಲೆಟ್‌ಗಿಂತ ಹಾಲ್‌ನಲ್ಲಿರುವ ಟಿ.ವಿ. ಎಷ್ಟೋ ವಾಸಿ.

ಮಂಗಳ: ಕಥೆಯ ನಡುವೆ ಥಟ್ಟನೆ ಕಿತ್ತುಕೊಂಡರೆ ದೊಡ್ಡವರಿಗೂ ಸಿಟ್ಟು ಬರುತ್ತದೆ. ಆದ್ದರಿಂದ ನಿಮಿಷಗಳ ಬದಲು ಸಹಜವಾದ ಕೊನೆಯನ್ನು ಆರಿಸಿ: ಎಪಿಸೋಡಿನ ಕೊನೆ, ಆಟದ ಒಂದು ಹಂತದ ಕೊನೆ. ಐದು ನಿಮಿಷ ಮೊದಲು ಹತ್ತಿರ ಹೋಗಿ, ಭುಜ ಮುಟ್ಟಿ ಹೇಳಿ, ದೂರದಿಂದ ಕೂಗಬೇಡಿ. ಮುಗಿದಾಗ ಗುಂಡಿ ಒತ್ತುವುದು ಮಗುವಿನ ಬೆರಳೇ ಆಗಿರಲಿ. ಅದನ್ನು ಅದರ ಜಾಗದಲ್ಲಿ ಇಟ್ಟು ಬರುವುದೂ ಮಗುವಿನ ಕೆಲಸವೇ. ನಾವು ಆರಿಸಿದರೆ ಮಗು ಸೋತಂತೆ. ತಾನೇ ಆರಿಸಿದರೆ ಅಭ್ಯಾಸ.

ವಯಸ್ಸಿಗೆ ತಕ್ಕ ಹಾಗೆ

ಐದು ವರ್ಷದವರೆಗೆ: ಊಟ ಮಾಡಿಸಲು ಫೋನ್ ಬೇಡ. ಪರದೆ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ; ಇದೂ ಒಂದು 'ಸಾಕು' ಕಲಿಯುವ ಅವಕಾಶವೇ. ಚಂದಮಾಮನನ್ನು ತೋರಿಸಿ ಉಣಿಸಿದ ನಮ್ಮ ಅಜ್ಜಿಯಂದಿರು ಎದುರಿಗೆ ಕುಳಿತು ಮಾತಾಡುತ್ತಲೇ ಇದ್ದರು. ಅತ್ತಾಗಲೆಲ್ಲ ಫೋನ್ ಕೊಟ್ಟರೆ, ಅಳುವನ್ನು ಬೇರೆ ರೀತಿ ತಣಿಸಿಕೊಳ್ಳುವುದನ್ನು ಮಗು ಕಲಿಯುವುದಿಲ್ಲ.

ಆರರಿಂದ ಹನ್ನೆರಡು: ಇದು ಪದ್ಧತಿ ಕೂರಿಸುವ ಕಾಲ. ಹೊರಗೆ ಆಡುವ ಹೊತ್ತು, ಓದು, ಕನ್ನಡ ತರಗತಿ, ಸಂಗೀತ ಪಾಠ, ನಿದ್ದೆ ಇವನ್ನು ಮೊದಲು ದಿನಚರಿಯಲ್ಲಿ ಬರೆಯಿರಿ. ಉಳಿದ ಜಾಗ ಪರದೆಗೆ. ಹಗಲಿನ ಬೆಳಕಿನಲ್ಲಿ ಆಡುವುದು ಸಮೀಪದೃಷ್ಟಿಯ ಅಪಾಯವನ್ನೂ ತಗ್ಗಿಸುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು, ಇಪ್ಪತ್ತು ಸೆಕೆಂಡ್ ನೋಡುವ ರೂಢಿಯನ್ನು ಆಟದಂತೆ ಕಲಿಸಿ.

ಹದಿಮೂರರ ನಂತರ: "ಹದಿಮೂರಾಯಿತಲ್ಲ, ಇನ್ನು ಅಕೌಂಟ್ ತೆರೆಯಬಹುದು" ಎಂದು ಮಕ್ಕಳು ವಾದಿಸುತ್ತಾರೆ. ಈ ಹದಿಮೂರು ಎಲ್ಲಿಂದ ಬಂತು? 1998ರಲ್ಲಿ ಅಮೆರಿಕದಲ್ಲಿ ಅಂಗೀಕಾರವಾಗಿ 2000ದಲ್ಲಿ ಜಾರಿಗೆ ಬಂದ 'ಕೊಪ್ಪಾ' ಕಾನೂನಿನಿಂದ. ಹದಿಮೂರರೊಳಗಿನ ಮಕ್ಕಳ ವೈಯಕ್ತಿಕ ಮಾಹಿತಿಯನ್ನು ತಂದೆ ತಾಯಿಯ ಒಪ್ಪಿಗೆಯಿಲ್ಲದೆ ಸಂಗ್ರಹಿಸುವಂತಿಲ್ಲ ಎಂಬುದು ಅದರ ಸಾರ. ಅದು ಮಾಹಿತಿಯ ಕಾನೂನು, ಮಗುವಿನ ಪ್ರೌಢತೆಯ ಅಳತೆಯಲ್ಲ. ಆಸ್ಟ್ರೇಲಿಯಾ ದೇಶವು 2025ರ ಡಿಸೆಂಬರ್ 10ರಿಂದ ಹದಿನಾರರೊಳಗಿನವರು ದೊಡ್ಡ ಸೋಷಿಯಲ್ ಮೀಡಿಯಾ ತಾಣಗಳಲ್ಲಿ ಅಕೌಂಟ್ ಹೊಂದುವುದನ್ನು ತಡೆದಿದೆ. ನಮ್ಮ ಮಗುವಿಗೆ ಯಾವಾಗ ಎಂಬುದನ್ನು ನಾವೇ ನಮ್ಮ ಮಗುವನ್ನು ನೋಡಿ ನಿರ್ಧರಿಸಬೇಕು.

ಕಠೋಪನಿಷತ್ತು ಶರೀರವನ್ನು ರಥಕ್ಕೆ, ಇಂದ್ರಿಯಗಳನ್ನು ಕುದುರೆಗಳಿಗೆ, ಮನಸ್ಸನ್ನು ಲಗಾಮಿಗೆ, ಬುದ್ಧಿಯನ್ನು ಸಾರಥಿಗೆ ಹೋಲಿಸುತ್ತದೆ. ಹದಿಹರೆಯದಲ್ಲಿ ಲಗಾಮನ್ನು ಒಮ್ಮೆಲೇ ಕೈಬಿಡಬಾರದು, ಕೊನೆಯವರೆಗೆ ನಾವೇ ಹಿಡಿದಿರಲೂಬಾರದು. ಸ್ವಲ್ಪ ಸ್ವಲ್ಪವಾಗಿ ಅವರ ಕೈಗೆ ದಾಟಿಸಬೇಕು. ಮೊದಲು ಕರೆ ಮತ್ತು ಮೆಸೇಜ್, ಆರು ತಿಂಗಳು ಸರಿಯಾಗಿ ನಡೆದರೆ ಇನ್ನೊಂದು ಆ್ಯಪ್. ಒಂದು ಮಾತನ್ನಂತೂ ಸ್ಪಷ್ಟವಾಗಿ ಹೇಳಿಡಿ: "ಯಾರಾದರೂ ಹೆದರಿಸಿದರೆ, ಬೇಡದ ಚಿತ್ರ ಕಳಿಸಿದರೆ, ದುಡ್ಡು ಕೇಳಿದರೆ ನಮಗೆ ಬಂದು ಹೇಳು. ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ." ಫೋನ್ ಹೋಗುತ್ತದೆಂಬ ಭಯದಿಂದ ಮಗು ಸುಮ್ಮನಿರುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ಈಗ ಬಂದಿರುವ ಎಐ ಚಾಟ್‌ಬಾಟ್‌ಗಳ ಬಗ್ಗೆಯೂ ಮಾತಾಡಿ. ಅವು ಸ್ನೇಹಿತರಂತೆ ಮಾತಾಡುತ್ತವೆ, ಆದರೆ ಸ್ನೇಹಿತರಲ್ಲ. ಮನೆಯ ಗುಟ್ಟನ್ನೂ ಮನಸ್ಸಿನ ನೋವನ್ನೂ ಮೊದಲು ಹೇಳಿಕೊಳ್ಳಬೇಕಾದ್ದು ಮನುಷ್ಯರಲ್ಲಿ.

ಮನೆಗಳಲ್ಲಿ ಏಳುವ ಪ್ರಶ್ನೆಗಳು

"ನಿಲ್ಲಿಸಿದರೆ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ, ಏನು ಮಾಡುವುದು?" ಆ ಹೊತ್ತಿನಲ್ಲಿ ಉಪದೇಶ ಬೇಡ, ಚೌಕಾಸಿಯೂ ಬೇಡ. "ನಿಲ್ಲಿಸೋದು ಕಷ್ಟ ಅಂತ ಗೊತ್ತು ಪುಟ್ಟಾ" ಎಂದು ಹತ್ತಿರ ಕೂರಿ. ಅತ್ತದ್ದಕ್ಕೆ ಇನ್ನೈದು ನಿಮಿಷ ಸಿಕ್ಕರೆ ನಾಳೆ ಅಳು ಇನ್ನೂ ಜೋರಾಗುತ್ತದೆ. ನಿಯಮ ಒಂದೇ ಇದ್ದರೆ ಕೆಲವು ದಿನಗಳಲ್ಲಿ ಅಳು ತಾನಾಗಿಯೇ ಇಳಿಯುತ್ತದೆ.

"ಊರಿಂದ ಬಂದ ಅತ್ತೆ ಮಾವನವರು ದಿನವಿಡೀ ಸೀರಿಯಲ್ ಹಾಕಿರುತ್ತಾರೆ, ಹೇಗೆ ಹೇಳುವುದು?" ಇದು ಸೂಕ್ಷ್ಮ ವಿಷಯ. ಆರು ತಿಂಗಳಿಗೆಂದು ಬಂದವರು. ಕಾರು ಓಡಿಸಲಾಗದೆ, ಮಾತಿಗೆ ನೆರೆಹೊರೆಯಿಲ್ಲದೆ ನಾಲ್ಕು ಗೋಡೆಯ ನಡುವೆ ಇರುತ್ತಾರೆ. ಸೀರಿಯಲ್ಲೇ ಅವರ ಊರು. ಅದನ್ನು ಕಿತ್ತುಕೊಳ್ಳಬಾರದು. ಆದರೆ ಯಾರೂ ನೋಡದ ಟಿ.ವಿ. ಹಿನ್ನೆಲೆಯಲ್ಲಿ ಓಡುತ್ತಿದ್ದರೂ ಮನೆಯಲ್ಲಿ ಮಗುವಿನೊಡನೆ ಆಡುವ ಮಾತು ಕಡಿಮೆಯಾಗುತ್ತದೆ ಎಂಬುದನ್ನು ಅಧ್ಯಯನಗಳು ತೋರಿಸಿವೆ. "ಅತ್ತೆ, ನಿಮ್ಮ ಸೀರಿಯಲ್ ಹೊತ್ತಿಗೆ ಸರಿಯಾಗಿ ಹಾಕಿಕೊಡ್ತೀವಿ. ಮಿಕ್ಕ ಹೊತ್ತು ಮಗುವಿಗೆ ನಿಮ್ಮ ಕಥೆ ಬೇಕು" ಎಂದು ಕೇಳಿಕೊಂಡರೆ ಬೇಡ ಎನ್ನುವ ಅಜ್ಜಿ ಯಾರು?

"ಹೋಂವರ್ಕೇ ಲ್ಯಾಪ್‌ಟಾಪಿನಲ್ಲಿದೆಯಲ್ಲ?" ನಿಜ. ಓದಿನ ಪರದೆಯನ್ನು ಆಟದ ಲೆಕ್ಕಕ್ಕೆ ಸೇರಿಸಬೇಡಿ. ಆದರೆ ಅದು ಊಟದ ಮೇಜಿನ ಮೇಲೆ ನಡೆಯಲಿ, ಮಲಗುವ ಕೋಣೆಯಲ್ಲಿ ಬೇಡ. ಸಂಕಲ್ಪ ಇಲ್ಲೂ ಇರಲಿ: ಮೊದಲು ಗಣಿತ, ಆಮೇಲೆ ಮುಚ್ಚುವುದು.

"ನಿಯಮ ಮಕ್ಕಳಿಗೆ ಮಾತ್ರವೇ?" ಮಕ್ಕಳು ಕೇಳಿಯೇ ಕೇಳುವ ಪ್ರಶ್ನೆ. ಊಟದ ಹೊತ್ತು ಎಲ್ಲರ ಫೋನೂ ಒಂದೇ ಬುಟ್ಟಿಗೆ. ಆಫೀಸಿನ ಆನ್‌ಕಾಲ್ ಇದ್ದರೆ ಹಾಗೆಂದು ಹೇಳಿ: "ಹತ್ತು ನಿಮಿಷ ಆಫೀಸಿನ ಕೆಲಸ, ಆಮೇಲೆ ಬರ್ತೀನಿ." ದೊಡ್ಡವರ ಸಂಕಲ್ಪ, ಮಂಗಳ ಎರಡನ್ನೂ ಮಗು ಕಣ್ಣಾರೆ ನೋಡಲಿ.

ಒಂದು ಸಂಜೆಯ ತಾಂತ್ರಿಕ ಕೆಲಸ

ಇವನ್ನು ಮಾಡಲು ಅರ್ಧ ಗಂಟೆ ಸಾಕು. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ಗಳ ಸೆಟ್ಟಿಂಗ್‌ನಲ್ಲಿ ಆಟೋಪ್ಲೇ ಆರಿಸಿ. ಮಕ್ಕಳ ಉಪಕರಣಗಳಲ್ಲಿ ಕರೆ, ಮೆಸೇಜ್ ಬಿಟ್ಟು ಬೇರೆ ನೋಟಿಫಿಕೇಶನ್‌ಗಳನ್ನು ನಿಲ್ಲಿಸಿ. ಖರೀದಿಗೆ ಪಾಸ್‌ವರ್ಡ್ ಹಾಕಿ. ಐಫೋನ್, ಐಪ್ಯಾಡ್‌ಗಳಲ್ಲಿ 'ಸ್ಕ್ರೀನ್ ಟೈಮ್', ಆಂಡ್ರಾಯ್ಡ್‌ನಲ್ಲಿ 'ಫ್ಯಾಮಿಲಿ ಲಿಂಕ್' ಬಳಸಿ ರಾತ್ರಿಯ ಹೊತ್ತನ್ನು ಗೊತ್ತು ಮಾಡಿ. ಚಾರ್ಜರ್‌ಗಳನ್ನೆಲ್ಲ ಅಡುಗೆಮನೆಗೆ ತನ್ನಿ. ಮಲಗುವ ಒಂದು ಗಂಟೆ ಮೊದಲು ಎಲ್ಲ ಉಪಕರಣಗಳೂ ಅಲ್ಲೇ ಮಲಗಲಿ. ಬೆಳಿಗ್ಗೆ ಏಳಲು ಒಂದು ಸಾದಾ ಅಲಾರಾಂ ಗಡಿಯಾರ ತಂದುಕೊಡಿ.

ಆದರೆ ಇವೆಲ್ಲ ಬೇಲಿ ಮಾತ್ರ. ಚುರುಕಾದ ಮಕ್ಕಳು ಯಾವ ಬೇಲಿಯನ್ನೂ ಹಾರುತ್ತಾರೆ. ಇಂಜಿನಿಯರುಗಳ ಮಕ್ಕಳಂತೂ ಇನ್ನೂ ಬೇಗ! ಬೇಲಿ ಗಿಡವನ್ನು ಕಾಯುತ್ತದೆ, ಬೆಳೆಸುವುದಿಲ್ಲ. ಬೆಳೆಸುವುದು ದಿನದಿನದ ಅಭ್ಯಾಸ.

ಮೂರು ತಿಂಗಳ ಮನೆಪಾಠ

ಮುಂದಿನ ಸಂಚಿಕೆ ಬರುವವರೆಗೆ ಹೀಗೆ ಮಾಡಿ ನೋಡಬಹುದು.

ಮೊದಲ ತಿಂಗಳು: ಮೇಲಿನ ಸೆಟ್ಟಿಂಗ್‌ಗಳನ್ನು ಸರಿಮಾಡಿ. ಊಟದ ಮೇಜಿನಿಂದ ಮತ್ತು ಮಲಗುವ ಕೋಣೆಯಿಂದ ಪರದೆಯನ್ನು ಹೊರಗಿಡಿ. ಬೇರೆ ಯಾವುದನ್ನೂ ಬದಲಿಸಬೇಡಿ.

ಎರ‍ಡನೆಯ ತಿಂಗಳು: ಸಂಕಲ್ಪ ಮತ್ತು ಮಂಗಳ ಶುರುಮಾಡಿ. ಮಗು ತಾನಾಗಿಯೇ ಆರಿಸಿದ ದಿನ ಕ್ಯಾಲೆಂಡರಿನಲ್ಲಿ ಕುಂಕುಮದ ಒಂದು ಬೊಟ್ಟು ಇಡಲಿ. ಬಹುಮಾನವಾಗಿ ಇನ್ನಷ್ಟು ಪರದೆ ಮಾತ್ರ ಬೇಡ!

ಮೂರನೆಯ ತಿಂಗಳು: ಭಾನುವಾರ ಅಜ್ಜಿ ತಾತನ ಕಥೆಯ ಕರೆಯನ್ನು ಖಾಯಂ ಮಾಡಿ. ವಾರಕ್ಕೊಂದು ಸಂಜೆ ಎಲ್ಲರೂ ಕೂಡಿ ಒಂದು ಚಿತ್ರ ನೋಡಿ, ನಂತರ ಅದರ ಬಗ್ಗೆ ಮಾತಾಡಿ.

ಮನೆಮಂದಿ ಕುಳಿತು ಚರ್ಚಿಸಲು ನಾಲ್ಕು ಪ್ರಶ್ನೆಗಳು:

1. ಯಾವ ಆ್ಯಪ್ ಅಥವಾ ಆಟವನ್ನು ನಿಲ್ಲಿಸುವುದು ನಿನಗೆ ಅತಿ ಕಷ್ಟ? ಅದು ನಿನ್ನನ್ನು ಹೇಗೆ ಹಿಡಿದಿಡುತ್ತದೆ?
2. ನೋಡಿ ಮುಗಿಸಿದ ಮೇಲೆ ನಿನಗೆ ಉಲ್ಲಾಸವಾಗುತ್ತದೆಯೇ, ಸುಸ್ತಾಗುತ್ತದೆಯೇ?
3. ಪರದೆ ಇಲ್ಲದಿದ್ದರೆ ಆ ಹೊತ್ತಿನಲ್ಲಿ ಏನು ಮಾಡಲು ಇಷ್ಟ?
4. ಅಪ್ಪ ಅಮ್ಮ ಯಾವಾಗ ಫೋನ್ ಕೆಳಗಿಡಬೇಕೆಂದು ನಿನಗೆ ಅನಿಸುತ್ತದೆ?

ನಾಲ್ಕನೆಯ ಪ್ರಶ್ನೆಗೆ ಬರುವ ಉತ್ತರವನ್ನು ತಡೆಯದೆ, ವಾದಿಸದೆ ಪೂರ್ತಿ ಕೇಳಿ.

ಪರದೆ ನಮ್ಮ ಶತ್ರುವಲ್ಲ. ನಮ್ಮ ಅನ್ನಕ್ಕೆ ದಾರಿಯಾದದ್ದು ಅದೇ. ಸಮುದ್ರದಾಚೆಯ ಅಮ್ಮನ ಮುಖ ತೋರಿಸುವುದೂ ಅದೇ. ಮಕ್ಕಳು ಅದನ್ನು ಬಿಟ್ಟು ಬದುಕಬೇಕೆಂದು ಯಾರೂ ಹೇಳುತ್ತಿಲ್ಲ. ಅದನ್ನು ತೆರೆಯಲು ಅವರಿಗೆ ಯಾರೂ ಕಲಿಸಬೇಕಿಲ್ಲ, ಎರಡು ವರ್ಷದ ಕೂಸಿಗೂ ಗೊತ್ತು. ಮುಚ್ಚುವುದನ್ನು ಕಲಿಸಬೇಕಾದವರು ಮಾತ್ರ ನಾವು. ನಿಮ್ಮ ಮನೆಯಲ್ಲಿ ಯಾವ ಉಪಾಯ ಫಲಿಸಿತು ಎಂಬುದನ್ನು ಮುಂದಿನ ಬಾರಿ ಊಟದ ಪಂಕ್ತಿಯಲ್ಲಿ ಸಿಕ್ಕಾಗ ಖಂಡಿತ ಹೇಳಿ. ಉಪ್ಪಿನಕಾಯಿ ತರಲು ಯಾರೂ ಎದ್ದು ಹೋಗುವುದು ಬೇಡ!

ಎಲ್ಲ ಮಕ್ಕಳಿಗೂ ಒಳ್ಳೆಯ ಬುದ್ಧಿ, ಒಳ್ಳೆಯ ನಿದ್ದೆ ಎರಡನ್ನೂ ದೇವರು ಕರುಣಿಸಲಿ ಎಂದು ಹಾರೈಸುತ್ತಾ, ಈ ಪಾಠಕ್ಕೂ ಇಲ್ಲಿಗೆ ಮಂಗಳ ಹಾಡುತ್ತೇವೆ.